ಹಾಜರಿ ಪುಸ್ತಕದಿಂದ ಶುರುವಾದ ಎಂ.ಎ.

ನನ್ನ ತಂದೆ ಹದಿನಾಲ್ಕನೇ ವಯಸ್ಸಿನಲ್ಲಿ ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಕುಳಿತು ಓದಿದರು. ಅವರು ತೀರಿಕೊಂಡ ಮೇಲೆ, ಫೋರ್ಟ್‌ನ ಒಂದು ರಾತ್ರಿ ಶಾಲೆಯ ಹಳೆಯ ಹಾಜರಿ ಪುಸ್ತಕಗಳು ಇನ್ನೂ ಕಪಾಟಿನಲ್ಲಿವೆ ಎಂದು ಕೇಳಿ ನೋಡಲು ಹೋದೆ. ಮರುವರ್ಷವೇ ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣವಾದ ವಿದ್ಯಾನಗರಿಯಲ್ಲಿ ಸಮಾಜಶಾಸ್ತ್ರದ ಎಂ.ಎ.ಗೆ ಸೇರಿದೆ. ಆಗ ನನಗೆ ನಲವತ್ತಾರು. ಹಿಂದೆ ಓದಿದ್ದು ಬಿ.ಕಾಂ.

ಹೊಸ ಶಿಕ್ಷಣ ನೀತಿಯ ಪ್ರಕಾರ ಎರಡು ವರ್ಷಕ್ಕೆ 88 ಕ್ರೆಡಿಟ್. ನನಗೆ ಬೇಕಾಗಿದ್ದ ಜಾಗ ಸಿಕ್ಕಿದ್ದು ಕ್ಷೇತ್ರಕಾರ್ಯದಲ್ಲಿ ಮತ್ತು ಸಂಶೋಧನಾ ಪ್ರಬಂಧದಲ್ಲಿ. ಹೋಟೆಲ್ ಹುಡುಗರ ಓದನ್ನು ಚರಿತ್ರೆ, ಸಮಾಜಶಾಸ್ತ್ರ, ಕನ್ನಡ ಮೂರರ ಮೂಲಕವೂ ನೋಡಬೇಕೆಂಬ ಆಸೆ ನನ್ನದು. ಇದು ಹೊಸತೇನಲ್ಲ. 1919ರಲ್ಲಿ ಈ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಆರಂಭಿಸಿದ ಪ್ಯಾಟ್ರಿಕ್ ಗೆಡ್ಡೆಸ್ ಕಲಿತದ್ದು ಜೀವಶಾಸ್ತ್ರ, ಹೆಸರು ಮಾಡಿದ್ದು ನಗರ ಯೋಜನೆಯಲ್ಲಿ. ಅದನ್ನು ತಿಳಿದಾಗ ನನಗೆ ದೊಡ್ಡ ಧೈರ್ಯ ಬಂತು.

ಆ ಧೈರ್ಯದಲ್ಲಿಯೇ ಎಡವಿದೆ. ನನ್ನ ಮೊದಲ ಪ್ರಸ್ತಾವದಲ್ಲಿ ವಲಸೆ, ಜಾತಿ, ಭಾಷೆ, ಹೋಟೆಲ್ ಉದ್ಯಮ ಎಲ್ಲವೂ ಇದ್ದವು. ಮಾರ್ಗದರ್ಶಕಿ ಮೇಡಂ ಅದನ್ನು ಓದಿ, "ಇದರಲ್ಲಿ ನಿಮ್ಮ ಪ್ರಶ್ನೆ ಎಲ್ಲಿದೆ?" ಎಂದರು. ಉತ್ತರ ಹೊಳೆಯಲಿಲ್ಲ. ಮತ್ತೆ ಹಾಜರಿ ಪುಸ್ತಕಗಳ ಮುಂದೆ ಕುಳಿತೆ.

ಪುಟ ತಿರುವಿದಂತೆ ಕೆಲವು ಹೆಸರುಗಳ ಎದುರು ಕೆಂಪು ಶಾಯಿಯಲ್ಲಿ ಒಂದೇ ಪದ ಕಾಣತೊಡಗಿತು: "ಊರಿಗೆ". ಜೂನ್, ಜುಲೈ ಪುಟಗಳಲ್ಲಿ ಅದು ಸಾಲುಸಾಲಾಗಿ ಇತ್ತು. ಬರೀ ದಾಖಲೆ ನೋಡಿದವರು ಅದನ್ನು ಗೈರುಹಾಜರಿ ಎಂದು ಎಣಿಸಿ ಮುಂದೆ ಹೋಗುತ್ತಾರೆ. ಮೊದಲ ಸಲ ನಾನೂ ಹಾಗೆಯೇ ಮಾಡಿದ್ದೆ. ಆ ಶಾಲೆಯಲ್ಲಿ ಕಲಿತಿದ್ದ, ಈಗ ಡೊಂಬಿವಿಲಿಯಲ್ಲಿರುವ ಹಿರಿಯರೊಬ್ಬರಿಗೆ ಆ ಪುಟದ ಫೋಟೋ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ತುಳುವಿನಲ್ಲಿ ಹೇಳಿದರು: ಅದು ನೇಜಿ (ಭತ್ತದ ಸಸಿ) ನೆಡುವ ಸಮಯ, ಮನೆಯಲ್ಲಿ ಆಳಿಲ್ಲದವರು ಹೋಗಲೇಬೇಕಿತ್ತು. ಬಿಟ್ಟುಹೋದ ಹೋಟೆಲಿನಲ್ಲಿ ಆ ಜಾಗಕ್ಕೆ ಬೇರೆಯವನು ಬಂದಿರುತ್ತಿದ್ದ. ಹೊಸ ಕೆಲಸ ದೂರದ ಬಡಾವಣೆಯಲ್ಲಿ ಸಿಕ್ಕಿದರೆ ಶಾಲೆ ಅಲ್ಲಿಗೇ ಮುಗಿಯಿತು.

ನನ್ನ ಪ್ರಶ್ನೆ ಸಿಕ್ಕಿತು: ಊರಿಗೆ ಹೋದವರಲ್ಲಿ ಯಾರು ತರಗತಿಗೆ ಮರಳಿದರು, ಯಾರು ಮರಳಲಿಲ್ಲ, ಏಕೆ? ಎಣಿಕೆಯನ್ನು ದಾಖಲೆಗಳಿಂದ ಮಾಡಿದೆ, ಕಾರಣಗಳನ್ನು ಸಂದರ್ಶನಗಳಿಂದ ತಿಳಿದೆ. ಸಂದರ್ಶನಗಳನ್ನು ತುಳುವಿನಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ತಂದೆ. ಅನುವಾದದಲ್ಲಿ "ಊರು" ಎಂಬ ಪದ ತುಂಬಾ ಕಾಡಿತು. ಹಳ್ಳಿ ಎಂದರೂ ಸಾಲದು, ಮನೆ ಎಂದರೂ ಸಾಲದು. ಕೊನೆಗೆ ಅದನ್ನು ಹಾಗೆಯೇ ಇಟ್ಟು, ಎರಡು ಪುಟಗಳ ವಿವರಣೆ ಬರೆದೆ. ಕನ್ನಡ ವಿಭಾಗ ಅದೇ ಆವರಣದಲ್ಲಿದ್ದದ್ದು ಆಗ ನನಗೆ ವರವಾಯಿತು.

ಈ ಬಗೆಯ ಓದಿಗೆ ಇಳಿಯುವವರಿಗೆ ನಾನು ಹೇಳುವುದು ಇಷ್ಟು. ಎರಡನೇ ಅಧ್ಯಯನ ಶಿಸ್ತಿನಿಂದ ಪದಗಳನ್ನಷ್ಟೇ ಎರವಲು ತರಬೇಡಿ, ಅದರ ಕೆಲಸದ ಕ್ರಮವನ್ನೂ ಕಲಿಯಿರಿ. ದಾಖಲೆಯನ್ನು ಅನುಮಾನದಿಂದ ಓದುವುದನ್ನು ಕಲಿಯಲು ನನಗೆ ಒಂದು ಇಡೀ ಸೆಮಿಸ್ಟರ್ ಬೇಕಾಯಿತು. ನೌಕರಿ ಇದ್ದವರು ರಜೆಯನ್ನು ಪರೀಕ್ಷೆಗೆ ಮಾತ್ರವಲ್ಲ, ಕ್ಷೇತ್ರಕಾರ್ಯಕ್ಕೂ ಉಳಿಸಿಕೊಳ್ಳಬೇಕು. ಕುರ್ಲಾಕ್ಕೆ ಹೋಗುವ ಲೋಕಲ್‌ನಲ್ಲಿ ನಿಂತುಕೊಂಡೇ ನಾನು ಅರ್ಧ ಪಠ್ಯ ಓದಿದ್ದು.

ಪ್ರಬಂಧದ ಒಂದು ಪ್ರತಿಯನ್ನು ಡೊಂಬಿವಿಲಿಯ ಹಿರಿಯರಿಗೆ ಕೊಟ್ಟೆ. ಶಾಲೆಯವರ ಒಪ್ಪಿಗೆ ಪಡೆದು, ಈಗ ಭಾನುವಾರಗಳಂದು ಹಾಜರಿ ಪುಸ್ತಕಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುತ್ತಿದ್ದೇನೆ. ಇನ್ನು ಹನ್ನೊಂದು ಉಳಿದಿವೆ.