ಮಗಳಿಗಿಂತ ಮೊದಲು ಮನೆಗೆ ಬಂದ ಫೈಲು

ನಾವು ದತ್ತು ತಗೊಳ್ಳೋಕೆ ಹೆಸರು ನೋಂದಾಯಿಸಿದ್ದು 2018ರ ಏಪ್ರಿಲ್‌ನಲ್ಲಿ. ಮಗಳು ಮನೆಗೆ ಬಂದಿದ್ದು 2022ರ ಮಾರ್ಚ್‌ನಲ್ಲಿ. ಅವಳ ಜನನ ಪ್ರಮಾಣ ಪತ್ರ ಕೈಗೆ ಸಿಕ್ಕಿದ್ದು 2023ರ ಏಪ್ರಿಲ್‌ನಲ್ಲಿ. ಐದು ವರ್ಷ ಆಯ್ತು, ಅಲ್ವಾ? ಈ ಐದು ವರ್ಷವೂ ನಮ್ಮ ಮನೆಯ ಬೀರುವಿನಲ್ಲಿ ಸೀರೆಗಳ ಪಕ್ಕ ಒಂದು ನೀಲಿ ಫೈಲ್ ಇತ್ತು. ಅದರ ಕಥೆ ಇದು.

ನಮ್ಮದು ತಿಪಟೂರು. ನಮ್ಮ ಮನೆಯವರದು ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಬೇಸಿಗೆಯಲ್ಲಿ ಮೋಟಾರ್ ಸುಟ್ಟರೆ ನಮಗೆ ಕೆಲಸ, ಮಳೆ ಬಂದರೆ ಇಲ್ಲ. ಬರೋದೆಲ್ಲ ಕೈಕಾಸು. ಊಟಕ್ಕೆ ಬಟ್ಟೆಗೆ ಕಡಿಮೆ ಇರಲಿಲ್ಲ. ಆದರೆ ‘ಹೋದ ವರ್ಷದ ಆದಾಯಕ್ಕೆ ದಾಖಲೆ ಕೊಡಿ’ ಅಂದಾಗ ತೋರಿಸೋಕೆ ಏನೂ ಇರಲಿಲ್ಲ. ಐಟಿ ರಿಟರ್ನ್ ಅಂದರೆ ಸಂಬಳದವರ ವ್ಯವಹಾರ ಅಂತ ನಾವು ಅಂದುಕೊಂಡಿದ್ದೆವು. ಆಡಿಟರ್ ಹತ್ತಿರ ಹೋಗಿ ಮೊದಲ ಸಲ ರಿಟರ್ನ್ ಹಾಕಿಸಿದ್ದೇ ಈ ಕಾರಣಕ್ಕೆ. ಇಷ್ಟೇ ಆದಾಯ ಇರಬೇಕು ಅಂತ ನಿಯಮದಲ್ಲಿ ಎಲ್ಲೂ ಅಂಕಿ ಇಲ್ಲ. ಮಗು ಸಾಕುವಷ್ಟು ಶಕ್ತಿ ಇರಬೇಕು, ಅದು ಕಾಗದದಲ್ಲಿ ಕಾಣಬೇಕು, ಅಷ್ಟೇ. ಆ ‘ಅಷ್ಟೇ’ ನಮ್ಮಂಥವರಿಗೆ ದೊಡ್ಡದು.

ದತ್ತು ಕೊಡೋದು ಈಗ ಯಾವುದೋ ಆಶ್ರಮದವರ ಇಷ್ಟಕ್ಕೆ ಬಿಟ್ಟಿದ್ದಲ್ಲ. ಕಾರಾ ಅಂತ ಕೇಂದ್ರ ಸರ್ಕಾರದ ಪ್ರಾಧಿಕಾರ ಇದೆ, ಅದರ ಪೋರ್ಟಲ್‌ನಲ್ಲಿ ಹೆಸರು ಹಾಕಬೇಕು. ಪ್ಯಾನ್, ವಿಳಾಸದ ದಾಖಲೆ, ಹುಟ್ಟಿದ ದಿನಾಂಕದ ದಾಖಲೆ, ಮದುವೆ ಪತ್ರ, ವೈದ್ಯರ ಸರ್ಟಿಫಿಕೇಟು, ನಮ್ಮನ್ನು ಬಲ್ಲ ಇಬ್ಬರ ಪತ್ರ, ಒಂದು ಫೋಟೋ. ಮೂವತ್ತು ದಿನದೊಳಗೆ ಎಲ್ಲ ಅಪ್‌ಲೋಡ್ ಮಾಡಬೇಕಿತ್ತು. ಪಟ್ಟಿ ನೋಡಿದಾಗ ವಾರದ ಕೆಲಸ ಅನ್ನಿಸಿತು.

ನಮ್ಮ ಮದುವೆ ಆಗಿದ್ದು 2008ರಲ್ಲಿ, ಛತ್ರದಲ್ಲಿ, ಐನೂರು ಜನರ ಎದುರು. ನೋಂದಣಿ ಮಾತ್ರ ಮಾಡಿಸಿರಲಿಲ್ಲ. ಲಗ್ನಪತ್ರಿಕೆ ಬೇಕು ಅಂದರು. ನಮ್ಮ ಹತ್ತಿರ ಒಂದೂ ಉಳಿದಿರಲಿಲ್ಲ. ಕೊನೆಗೆ ದೊಡ್ಡಮ್ಮನ ಟ್ರಂಕಿನಲ್ಲಿ ಸಿಕ್ಕಿತು, ಅರಿಶಿನ ಹಚ್ಚಿದ ಮೂಲೆ ಸಮೇತ. ಅದನ್ನು ತಗೊಂಡು ಸಾಕ್ಷಿಗಳನ್ನು ಕರ್ಕೊಂಡು ಹೋದರೆ ಇನ್ನೊಂದು ತಕರಾರು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಪ್ಯಾನ್‌ನಲ್ಲಿ ಎರಡೂ ಇಲ್ಲ. ಮೂರೂ ನಾನೇ ಅಂತ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ನೋಟರಿ ಹತ್ತಿರ ಸೀಲ್ ಹಾಕಿಸಿದೆ. ನೀವು ದತ್ತು ಬಗ್ಗೆ ಸುಮ್ನೆ ಯೋಚನೆ ಮಾಡುತ್ತಿದ್ದರೂ ಸರಿ, ಈ ಮೂರು ದಾಖಲೆಯಲ್ಲಿ ಹೆಸರು ಒಂದೇ ಥರ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ.

ವೈದ್ಯರ ಸರ್ಟಿಫಿಕೇಟಿನ ವಿಷಯದಲ್ಲಿ ನಾನು ನಿಜವಾಗಿ ಹೆದರಿದ್ದೆ. ದೀರ್ಘಕಾಲದ, ಅಂಟುವ, ಜೀವಕ್ಕೆ ಅಪಾಯದ ಕಾಯಿಲೆ ಇಲ್ಲ ಅಂತ ಬರೆಸಬೇಕು. ಇವರಿಗೆ ಶುಗರ್ ಇದೆ. ಮುಚ್ಚಿಡೋಣ ಅಂತ ಒಂದು ಕ್ಷಣ ಅನ್ನಿಸಿತ್ತು. ಡಾಕ್ಟರ್ ನಕ್ಕು, ಶುಗರ್ ಹತೋಟಿಯಲ್ಲಿದೆ, ಮಗು ಬೆಳೆಸೋಕೆ ತೊಂದರೆ ಇಲ್ಲ ಅಂತ ಇದ್ದದ್ದನ್ನೇ ಬರೆದುಕೊಟ್ಟರು. ಯಾರೂ ಆಮೇಲೆ ಅದನ್ನು ಪ್ರಶ್ನೆ ಮಾಡಲಿಲ್ಲ.

ಜೂನ್‌ನಲ್ಲಿ ಗೃಹ ಅಧ್ಯಯನಕ್ಕೆ, ಅಂದರೆ ನಮ್ಮ ಮನೆ, ಮನೆಯವರು ಹೇಗೆ ಅಂತ ನೋಡಿ ವರದಿ ಬರೆಯೋಕೆ, ಸಮಾಜ ಕಾರ್ಯಕರ್ತೆ ಬಂದರು. ಅದಕ್ಕೆ ಶುಲ್ಕ 6,000 ರೂಪಾಯಿ. ನಾನು ಎರಡು ದಿನ ಮನೆ ತೊಳೆದಿದ್ದೆ. ಅವರು ಮನೆಯನ್ನು ಐದು ನಿಮಿಷ ನೋಡಿದರು. ನಮ್ಮ ಅತ್ತೆಯ ಹತ್ತಿರ ಮುಕ್ಕಾಲು ಗಂಟೆ ಕೂತರು. “ಅಮ್ಮಾ, ಮುಂದೆ ನಿಮ್ಮ ಸೊಸೆಗೇ ಒಂದು ಮಗು ಆದರೆ ಇದನ್ನ ಹೆಂಗೆ ನೋಡ್ಕೊಳ್ತೀರಿ?” ಅಂತ ಕೇಳಿದರು. ಅತ್ತೆ, “ಎರಡಕ್ಕೂ ಒಂದೇ ತಟ್ಟೇಲಿ ಕಲಸ್ತೀನಿ ಕಣವ್ವ” ಅಂದರು. ವರದಿಯಲ್ಲಿ ಅದನ್ನು ಹೇಗೆ ಬರೆದರೋ ಗೊತ್ತಿಲ್ಲ.

ಆಮೇಲೆ ಕಾಯೋದು. ಪೋರ್ಟಲ್‌ನಲ್ಲಿ ನಮ್ಮ ಸರದಿ ಕಾಣುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಸಾಕು, ನಾನು ದಿನಾ ನೋಡುತ್ತಿದ್ದೆ.

ಈ ಕಾಯುವ ಹೊತ್ತಿನಲ್ಲೇ ಒಬ್ಬ ಬಂದ. ಮೂರು ಲಕ್ಷ ಕೊಟ್ಟರೆ ಹದಿನೈದು ದಿನದಲ್ಲಿ ಮಗು, ಜನನ ಪತ್ರವೂ ನಿಮ್ಮ ಹೆಸರಲ್ಲೇ ಅಂದ. ಸುಳ್ಳು ಹೇಳೋದಿಲ್ಲ, ಅವತ್ತು ರಾತ್ರಿ ನಾವಿಬ್ಬರೂ ಮೂರು ಲಕ್ಷ ಎಲ್ಲಿ ಹುಟ್ಟುತ್ತೆ ಅಂತ ಲೆಕ್ಕ ಹಾಕಿದ್ದೆವು. ಬೆಳಿಗ್ಗೆ ಇವರೇ, “ದುಡ್ಡು ಕೊಟ್ಟು ತಂದ ಮಗೂನ ಯಾವತ್ತಾದ್ರೂ ಪೊಲೀಸ್ರು ಎತ್ಕೊಂಡು ಹೋದ್ರೆ ಏನ್ ಮಾಡ್ತೀಯ?” ಅಂದರು. ಮಗು ಮಾರೋದು ಕೊಳ್ಳೋದು ಎರಡೂ ಅಪರಾಧ, ಐದು ವರ್ಷದವರೆಗೆ ಜೈಲು. ಕಾನೂನಿನ ದಾರಿ ಯಾಕೆ ನಿಧಾನ ಅನ್ನೋದೂ ಆಮೇಲೆ ಅರ್ಥ ಆಯ್ತು. ತಾಯಿ ತಾನಾಗಿ ಒಪ್ಪಿಸಿದ ಮಗುವಾದರೆ ಅವಳು ಮನಸ್ಸು ಬದಲಾಯಿಸೋಕೆ 60 ದಿನ ಕೊಡುತ್ತಾರೆ. ಸಿಕ್ಕಿದ ಮಗುವಾದರೆ ಹೆತ್ತವರನ್ನು ಹುಡುಕುತ್ತಾರೆ. ಇದೆಲ್ಲ ಮುಗಿದ ಮೇಲೆ ಮಕ್ಕಳ ಕಲ್ಯಾಣ ಸಮಿತಿ ‘ದತ್ತಿಗೆ ಮುಕ್ತ’ ಅಂತ ಘೋಷಿಸಬೇಕು. ಆ 60 ದಿನ ನನಗೆ ಎಷ್ಟೇ ಸಂಕಟ ಕೊಟ್ಟರೂ ಅದು ಬೇಕು.

ದುಡ್ಡಿನ ವಿಷಯ. 2018ರಲ್ಲೇ ಪೋಸ್ಟ್ ಆಫೀಸಿನಲ್ಲಿ ತಿಂಗಳಿಗೆ 1,500ರ ಆರ್‌ಡಿ ಶುರು ಮಾಡಿದ್ದೆ. ‘ಮಗೂದು’ ಅಂತ ಪಾಸ್‌ಬುಕ್ಕಿನ ಮೇಲೆ ಬರೆದಿಟ್ಟಿದ್ದೆ. ಕೊರೊನಾ ಬಂತು. ಎರಡು ಲಾಕ್‌ಡೌನ್, ಅಂಗಡಿ ಬಂದ್, ಅತ್ತೆ ಆಸ್ಪತ್ರೆಗೆ. 2021ರ ಜೂನ್‌ನಲ್ಲಿ ಆ ಆರ್‌ಡಿ ಮುರಿಸಿದೆ. ಗೃಹ ಅಧ್ಯಯನ ವರದಿಯ ಮೂರು ವರ್ಷದ ಅವಧಿ ಮುಗಿದಿದ್ದೂ ಅದೇ ತಿಂಗಳು. ಮತ್ತೆ ಆದಾಯದ ಕಾಗದ ಕೊಡಬೇಕು, ಆದಾಯವೇ ಇಲ್ಲದ ವರ್ಷದಲ್ಲಿ! ಪ್ರತಿ ವರ್ಷ ರಿಟರ್ನ್ ಹಾಕಿಕೊಂಡು ಬಂದಿದ್ದು ಆಗ ಕೈ ಹಿಡಿಯಿತು. ಒಂದು ವರ್ಷ ಬಿದ್ದಿದೆ, ಹಿಂದಿನ ಎರಡು ವರ್ಷ ಚೆನ್ನಾಗಿದೆ ಅಂತ ಕಾಗದವೇ ಹೇಳಿತು.

2022ರ ಫೆಬ್ರವರಿಯಲ್ಲಿ ಒಂದು ಸಂಜೆ ಮೆಸೇಜ್ ಬಂತು. ಏಳು ತಿಂಗಳ ಹೆಣ್ಣು ಮಗು, ಉತ್ತರ ಕರ್ನಾಟಕದ ಒಂದು ಜಿಲ್ಲೆಯ ದತ್ತು ಕೇಂದ್ರದಲ್ಲಿ. ಒಪ್ಪಿಕೊಳ್ಳೋಕೆ 48 ಗಂಟೆ. ವೈದ್ಯಕೀಯ ವರದಿಯನ್ನು ನಮ್ಮೂರಿನ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಓದುತ್ತಿದ್ದಾಗ ನಾನು ಫೋಟೋ ಮಾತ್ರ ನೋಡುತ್ತಿದ್ದೆ.

ಕೇಂದ್ರಕ್ಕೆ ಕಟ್ಟಬೇಕಾದ ಶುಲ್ಕ ಆಗ 40,000. ಈಗ ಅದು ಬದಲಾಗಿದೆ, ಪೋರ್ಟಲ್‌ನಲ್ಲಿರುವ ಪಟ್ಟಿ ನೋಡಿ. ದತ್ತುಗೆ ಅಂತ ಸಾಲ ಕೊಡ್ತೀರಾ ಅಂತ ನಮ್ಮ ಬ್ಯಾಂಕಿನಲ್ಲಿ ಕೇಳಿದರೆ ಮುಖ ಮುಖ ನೋಡಿದರು. ನನ್ನ ನಾಲ್ಕು ಬಳೆ ಅಡ ಇಟ್ಟೆವು. ಡಿಡಿ ತೆಗೆಸಿ ಕೊಟ್ಟು ರಸೀದಿ ತಗೊಂಡೆವು. ನಿಜ ಹೇಳಬೇಕೆಂದರೆ ಶುಲ್ಕ ನಮ್ಮನ್ನು ಸುಸ್ತು ಮಾಡಲಿಲ್ಲ. 6,000, 40,000, ಆಮೇಲೆ ಎರಡು ವರ್ಷದಲ್ಲಿ ನಾಲ್ಕು ಸಲ ನೋಡೋಕೆ ಬರುವವರಿಗೆ 2,000ದಂತೆ 8,000. ಒಟ್ಟು 54,000. ಸುಸ್ತು ಮಾಡಿದ್ದು ಯಾವ ಪಟ್ಟಿಯಲ್ಲೂ ಇಲ್ಲದ ಖರ್ಚು. ಮೂರು ಸಲ ಹೋಗಿ ಬಂದ ರೈಲು, ಲಾಡ್ಜು, ಮಗುವನ್ನು ಕರೆತರೋಕೆ ಬಾಡಿಗೆ ಕಾರು, ಅಂಗಡಿ ಮುಚ್ಚಿದ ದಿನಗಳು, ಛಾಪಾ ಕಾಗದ, ಕೊನೆಯೇ ಇಲ್ಲದ ಜೆರಾಕ್ಸ್. ಅದರ ಮೊತ್ತ 62,000 ದಾಟಿತ್ತು.

ಮಗು ಮನೆಗೆ ಬಂದಿದ್ದು ದತ್ತುಪೂರ್ವ ಪೋಷಣೆ ಅಂತ, ಮುಚ್ಚಳಿಕೆ ಬರೆದುಕೊಟ್ಟು. ಕಾನೂನಿನ ಪ್ರಕಾರ ಅವಳು ಇನ್ನೂ ನಮ್ಮ ಮಗಳಲ್ಲ. ಕೇಂದ್ರದವರು ಅವರ ಜಿಲ್ಲೆಯ ಕೋರ್ಟಿಗೆ ಅರ್ಜಿ ಹಾಕಿದರು. ಮೇ ತಿಂಗಳು ಕೋರ್ಟಿಗೆ ಬೇಸಿಗೆ ರಜೆ. ಜುಲೈನಲ್ಲಿ ಒಂದು ವಿಚಾರಣೆ ಆಯ್ತು. ಸೆಪ್ಟೆಂಬರ್ 1ಕ್ಕೆ ಕಾನೂನೇ ಬದಲಾಯಿತು! ದತ್ತು ಆದೇಶ ಕೊಡುವ ಅಧಿಕಾರ ಕೋರ್ಟಿನಿಂದ ಜಿಲ್ಲಾಧಿಕಾರಿಗೆ ಹೋಯಿತು, ಬಾಕಿ ಇದ್ದ ಫೈಲುಗಳೂ ಹಿಂದೆಯೇ ಹೋದವು. ಎರಡು ತಿಂಗಳು ನಮ್ಮ ಫೈಲ್ ಎಲ್ಲಿದೆ ಅಂತ ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು. ಬದಲಾವಣೆ ಒಳ್ಳೆಯದೇ ಇರಬಹುದು. ಮಧ್ಯೆ ಸಿಕ್ಕಿಕೊಂಡವರ ಗೋಳು ಬೇರೆ.

ಆ ಹೊತ್ತಿನಲ್ಲಿ ಅವಳಿಗೆ ಅಂತ ಒಂದು ಕಾಗದ ಇರಲಿಲ್ಲ. ಲಸಿಕೆ ಹಾಕಿಸೋಕೆ ಹೋದರೆ ತಾಯಿ ಕಾರ್ಡ್ ಕೇಳಿದರು, ಹೆರಿಗೆ ಎಲ್ಲಾಯ್ತು ಅಂದರು. ಕ್ಯೂನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಮುಂದಿನ ಸಲದಿಂದ ಕೇಂದ್ರದವರು ಕೊಟ್ಟ ಲಸಿಕೆ ಚೀಟಿ, ಮುಚ್ಚಳಿಕೆಯ ಪ್ರತಿ ಎರಡನ್ನೂ ಮಾತಾಡದೆ ಮುಂದೆ ಇಡೋದು ಕಲಿತೆ. ನವೆಂಬರ್‌ನಲ್ಲಿ ನ್ಯುಮೋನಿಯಾ ಆಗಿ ನಾಲ್ಕು ದಿನ ಅಡ್ಮಿಟ್. ನಮ್ಮ ಆರೋಗ್ಯ ವಿಮೆಗೆ ಅವಳ ಹೆಸರು ಸೇರಿಸೋಕೆ ಜನನ ಪತ್ರ ಬೇಕು. ಜನನ ಪತ್ರಕ್ಕೆ ದತ್ತು ಆದೇಶ ಬೇಕು. ಆದೇಶ ಎಲ್ಲೋ ದಾರಿಯಲ್ಲಿದೆ. 23,000 ಕೈಯಿಂದಲೇ ಕಟ್ಟಿದೆವು. ದತ್ತು ತಗೊಳ್ಳೋರು ಶುಲ್ಕದ ಜೊತೆಗೆ ಈ ನಡುವಿನ ತಿಂಗಳಿಗೆ ಅಂತ ಬೇರೆ ದುಡ್ಡು ಎತ್ತಿಡಿ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಕೇಂದ್ರದಲ್ಲಿ ಇನ್ನೊಬ್ಬ ತಾಯಿಯ ಪರಿಚಯ ಆಗಿತ್ತು, ಖಾಸಗಿ ಕಂಪನಿಯಲ್ಲಿ ಕೆಲಸ. ಆಗಿನ ನಿಯಮದಲ್ಲಿ ದತ್ತು ತಾಯಿಗೆ 12 ವಾರ ಹೆರಿಗೆ ರಜೆ ಇತ್ತು, ಮಗು ಮೂರು ತಿಂಗಳಿಗಿಂತ ಚಿಕ್ಕದಿದ್ದರೆ. ಮಗು ದತ್ತಿಗೆ ಮುಕ್ತ ಆಗೋಕೇ ಕಡಿಮೆ ಅಂದರೂ ಎರಡು ತಿಂಗಳು ಬೇಕು. ಇನ್ನು ರಜೆ ಯಾರಿಗೆ ಸಿಗಬೇಕು? ಆಕೆ ಸಂಬಳವಿಲ್ಲದ ರಜೆ ಹಾಕಿದರು. ನಾನು ಹೊಲಿಗೆ ಮಿಷನ್ ಪಕ್ಕದಲ್ಲೇ ತೊಟ್ಟಿಲು ಕಟ್ಟಿಕೊಂಡೆ.

2023ರ ಜನವರಿಯಲ್ಲಿ ಆದೇಶ ಬಂತು, ಏಪ್ರಿಲ್‌ನಲ್ಲಿ ಜನನ ಪತ್ರ. ತಾಯಿಯ ಹೆಸರಿನ ಜಾಗದಲ್ಲಿ ನನ್ನ ಹೆಸರು, ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇನಿಷಿಯಲ್ ಸಮೇತ. ಆಧಾರ್, ರೇಷನ್ ಕಾರ್ಡ್, ವಿಮೆ ಎಲ್ಲ ಒಂದೇ ತಿಂಗಳಲ್ಲಿ ಮುಗಿಯಿತು. ಬಳೆ ಬಿಡಿಸಿಕೊಳ್ಳೋಕೆ ಮಾತ್ರ ಇನ್ನೊಂದು ಬೇಸಿಗೆ ಬೇಕಾಯಿತು.

ಹೋದ ವರ್ಷ ಎಲ್‌ಕೆಜಿಗೆ ಸೇರಿಸೋಕೆ ಹೋದಾಗ ಅಭ್ಯಾಸಬಲದಿಂದ ಇಡೀ ನೀಲಿ ಫೈಲನ್ನೇ ಹೊತ್ತುಕೊಂಡು ಹೋಗಿದ್ದೆ. ಶಾಲೆಯವರು ಜನನ ಪತ್ರದ ಒಂದು ಜೆರಾಕ್ಸ್ ತಗೊಂಡು, “ಸಾಕು ಮೇಡಂ” ಅಂದರು.