ರಾತ್ರಿ ತಾನೇ ಹತ್ತುವ ದೀಪ: ಸೆನ್ಸರ್ ಎಲ್ಲಿಡಬೇಕು?

ಮನೆಯಲ್ಲಿ ವಯಸ್ಸಾದವರಿದ್ದರೆ ಮೊದಲ ಮೋಷನ್ ಸೆನ್ಸರ್ (ಯಾರಾದರೂ ಓಡಾಡಿದರೆ ಗುರುತಿಸಿ ದೀಪ ಹತ್ತಿಸುವ ಸಾಧನ) ಹಾಲ್‌ಗೆ ಬೇಡ. ಮಲಗುವ ಕೋಣೆಯಿಂದ ಬಾತ್‌ರೂಮ್‌ಗೆ ಹೋಗುವ ದಾರಿಗೆ ಹಾಕಿ. ನಮ್ಮ ಅಮ್ಮ ಕತ್ತಲಲ್ಲಿ ಸ್ವಿಚ್ ತಡಕಾಡುತ್ತಿದ್ದರು. ನೋಡಿದರೆ ಭಯವಾಗುತ್ತಿತ್ತು. ಈಗ ಎದ್ದು ಎರಡು ಹೆಜ್ಜೆ ಇಟ್ಟರೆ ದೀಪ ಹತ್ತುತ್ತದೆ.

ಜಾಗ ಆರಿಸುವುದೇ ಮುಖ್ಯ. ಸಾಮಾನ್ಯವಾಗಿ ಸಿಗುವ ಪಿಐಆರ್ ಸೆನ್ಸರ್ ಮೈಶಾಖದ ಚಲನೆಯನ್ನು ಗುರುತಿಸುತ್ತದೆ. ನೇರ ಅದರ ಕಡೆಗೇ ನಡೆದು ಬಂದರೆ ತಡವಾಗಿ ಗೊತ್ತಾಗುತ್ತದೆ, ಎದುರಿಗೆ ಅಡ್ಡ ಹಾದುಹೋದರೆ ಬೇಗ. ಹಾಗಾಗಿ ದಾರಿಯ ತುದಿಯಲ್ಲಿ ಬೇಡ, ಪಕ್ಕದ ಗೋಡೆಗೆ ಅಂಟಿಸಿ. ಬಿಸಿಲು ಬೀಳುವ ಕಿಟಕಿಯ ಎದುರು ಅಥವಾ ಒಲೆಯ ಹತ್ತಿರ ಇಟ್ಟರೆ ಯಾರೂ ಇಲ್ಲದಿದ್ದರೂ ಸುಮ್ನೆ ದೀಪ ಹತ್ತಬಹುದು. ಗಾಜಿನ ಬಾಗಿಲಿನ ಆಚೆ ಇರುವವರು ಇದಕ್ಕೆ ಕಾಣುವುದಿಲ್ಲ.

ಅಲುಗಾಡದೆ ಕೂತರೆ ದೀಪ ಆರಿಬಿಡುತ್ತದೆ, ಅಲ್ವಾ? ಅದಕ್ಕೇ ಬಾತ್‌ರೂಮ್‌ನಲ್ಲಿ ಅಲುಗಾಟ ನಿಂತ ಮೇಲೂ 10 ನಿಮಿಷ ದೀಪ ಉರಿಯುವಂತೆ ಸಮಯ ಇಡಿ. ದಾರಿಗೆ 2 ನಿಮಿಷ ಸಾಕು. ಓದುವ ಕೋಣೆಗಾದರೆ ರೇಡಿಯೋ ಅಲೆಗಳಿಂದ ಚಲನೆ ಗುರುತಿಸುವ ಎಂಎಂವೇವ್ ರಾಡಾರ್ ಸೆನ್ಸರ್ ಒಳ್ಳೆಯದು, ಉಸಿರಾಡುವಾಗಿನ ಸಣ್ಣ ಅಲುಗಾಟವನ್ನೂ ಹಿಡಿಯುತ್ತದೆ. ಬೆಲೆ ಮಾತ್ರ ಜಾಸ್ತಿ. ತಿರುಗುವ ಫ್ಯಾನ್ ನೋಡಿ ಕೆಲವೊಮ್ಮೆ ಮೋಸವೂ ಹೋಗುತ್ತದೆ.

ಸೆನ್ಸರ್ ಜೊತೆ ಸ್ಮಾರ್ಟ್ ಬಲ್ಬ್ (ಆ್ಯಪ್‌ನಿಂದ ನಿಯಂತ್ರಿಸುವ ಬಲ್ಬ್) ಹಾಕಿದ್ದರೆ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಬೆಳಕು ಶೇ 10 ಮಾತ್ರ, ಹಳದಿ ಬಣ್ಣದ್ದು ಇಡಿ. ಕಣ್ಣು ಕುಕ್ಕುವುದಿಲ್ಲ, ಮತ್ತೆ ನಿದ್ದೆ ಬರುತ್ತದೆ.

ಕರೆಂಟ್ ಹೋಗಿ ಬಂದಾಗ ಎಷ್ಟೋ ಸ್ಮಾರ್ಟ್ ಬಲ್ಬ್‌ಗಳು ಪೂರ್ತಿ ಬೆಳಕಲ್ಲಿ ಹತ್ತಿಕೊಳ್ಳುತ್ತವೆ. ಇದನ್ನು ತಪ್ಪಿಸುವ ಸೆಟ್ಟಿಂಗ್ ಆ್ಯಪ್‌ನಲ್ಲಿದೆಯಾ ನೋಡಿಯೇ ಬಲ್ಬ್ ಕೊಳ್ಳಿ. ಗೋಡೆಯ ಸ್ವಿಚ್ ಯಾರಾದರೂ ಆರಿಸಿದರೆ ಸೆನ್ಸರ್ ಇದ್ದರೂ ದೀಪ ಹತ್ತುವುದಿಲ್ಲ. ನಾವು ಆ ಸ್ವಿಚ್ಚಿಗೆ ಟೇಪ್ ಹಚ್ಚಿದ್ದೇವೆ.