ಹನಿ ಗೇರ್‌ಬಾಕ್ಸ್ ಬಳಿ, ಸೋರಿಕೆ ಟ್ಯಾಪೆಟ್ ಕವರ್‌ನಲ್ಲಿ

ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು; ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ಅಲ್ಲಿ ಹನಿ ಕಂಡ ಕೂಡಲೇ ಕ್ರ್ಯಾಂಕ್‌ನ (ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡದ) ಹಿಂದಿನ ಆಯಿಲ್ ಸೀಲ್ ಹೋಗಿದೆಯೆಂದು ಗೇರ್‌ಬಾಕ್ಸ್ ಇಳಿಸಲು ಹೊರಡಬೇಡಿ. ಸೀಲ್ ಅಗ್ಗ, ಇಳಿಸುವ ಕೂಲಿ ದುಬಾರಿ. ಮೇಲೆ ಸೋರಿದ ಆಯಿಲ್ ಹೆಡ್ (ಎಂಜಿನ್‌ನ ಮೇಲ್ಭಾಗ) ಗುಂಟ ಇಳಿದು ಅಲ್ಲೇ ಬಂದು ಸೇರುತ್ತದೆ.

ಆಲ್ಟರ್ನೇಟರ್, ಕಾಯಿಲ್‌ಗಳಿಗೆ ಪ್ಲಾಸ್ಟಿಕ್ ಸುತ್ತಿ, ತಣ್ಣಗಿನ ಎಂಜಿನ್ ಅನ್ನು ಡಿಗ್ರೀಸರ್ ಹಾಕಿ ತೊಳೆದೆ. ಒಣಗಿದ ಮೇಲೆ ಬೆಲ್ಟ್‌ಗೆ ತಾಗದಂತೆ ಎಂಜಿನ್ ಭಾಗಗಳು ಕೂಡುವ ಜೋಡುಗಳಿಗೆ ಟಾಲ್ಕಂ ಪೌಡರ್ ಉದುರಿಸಿ 15 ನಿಮಿಷ ನಿಂತಲ್ಲೇ ಓಡಿಸಿದೆ. ಹೆಡ್‌ನ ಮೇಲೆ ಕೂರುವ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್‌ನ ಹಿಂದಿನ ಮೂಲೆಯಲ್ಲಿ ಪೌಡರ್ ಒದ್ದೆ. ಸ್ಪಾರ್ಕ್ ಪ್ಲಗ್ ಕೂರುವ ಗುಳಿಯಲ್ಲೂ ಆಯಿಲ್.

ಕವರ್‌ನಡಿಯ ಪ್ಯಾಕಿಂಗ್ (ಗ್ಯಾಸ್ಕೆಟ್) ಬಾಗಿಸಿದರೆ ಮುರಿಯುವಷ್ಟು ಗಟ್ಟಿಯಾಗಿತ್ತು. ಹೊಸದರ ಜೊತೆಗೆ ಪ್ಲಗ್ ಟ್ಯೂಬ್ ಸೀಲ್‌ಗಳನ್ನೂ ತನ್ನಿ. ಸುತ್ತಲೂ ಸಿಲಿಕೋನ್ ಅಂಟು ಬಳಿಯುವ ಗ್ಯಾರೇಜ್ ಚಟ ಮಾತ್ರ ಬೇಡ. ಒಳಗೆ ಬಿದ್ದ ಚೂರು ಆಯಿಲ್ ಪಂಪ್‌ನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಕ್ಯಾಮ್ ಕ್ಯಾಪ್ (ಕ್ಯಾಮ್‌ಶಾಫ್ಟ್ ಹಿಡಿದಿಡುವ ತುಂಡು) ಹೆಡ್‌ಗೆ ಕೂಡುವ ಮೂಲೆಗಳಲ್ಲಿ ಮಾತ್ರ ಸಾಸಿವೆಗಿಂತ ಸ್ವಲ್ಪ ದೊಡ್ಡ ಸಿಲಿಕೋನ್ ಹನಿ ಸಾಕು. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ ಬಿಗಿಯಿರಿ. 6 ಮಿ.ಮೀ. ಬೋಲ್ಟ್‌ಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಜಾಸ್ತಿ ಬಿಗಿದರೆ ಕವರ್ ಬಾಗಿ ಮತ್ತೆ ಸೋರುತ್ತದೆ, ಇಲ್ಲವೇ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಹಾಳಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಹೊಸ ಪ್ಯಾಕಿಂಗೂ ಬೇಗ ಕೈಕೊಡುತ್ತಿತ್ತು. ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಒತ್ತಡವನ್ನು ಹೊರಬಿಡುವ ಕವಾಟ) ಬಿಚ್ಚಿ ಅಲ್ಲಾಡಿಸಿದಾಗ ಬರಬೇಕಾದ ಟಕಟಕ ಸದ್ದೇ ಇಲ್ಲ, ಒಳಗೆಲ್ಲ ಜಿಡ್ಡು. ಕ್ರ್ಯಾಂಕ್‌ಕೇಸ್‌ನ (ಕ್ರ್ಯಾಂಕ್ ತಿರುಗುವ ಗೂಡಿನ) ಒತ್ತಡ ಹೊರಹೋಗಲು ದಾರಿಯಿಲ್ಲದೆ ಆಯಿಲನ್ನು ಜೋಡುಗಳಿಂದ ದೂಡುತ್ತಿತ್ತು. ವಾಲ್ವ್ ಬದಲಿಸಿ, ಅದರ ಹೋಸ್ ತೊಳೆದೆ. ಆಮೇಲೆ 500 ಕಿ.ಮೀ. ಓಡಿಸಿ ಕೆಳಗಿಟ್ಟ ರಟ್ಟು ಒಣಗಿಯೇ ಇದೆ, ಡಿಪ್‌ಸ್ಟಿಕ್‌ನ ಮಟ್ಟವೂ ಇಳಿದಿಲ್ಲ.